ಹೆಂಗಸಿನ ಚಿತ್ರ ಬರೆದ ಬಾಗಿಲು

ಪುಣೆಯ ನಡುಪೇಟೆಯಲ್ಲಿ ಕುಶಲ ಶೇಠ ಕಟ್ಟಿಸುತ್ತಿದ್ದ ಸೌಭಾಗ್ಯ ಸಂಕುಲದಲ್ಲಿ ಹೆಂಗಸರಿಗೆ ಬೇಕಾದ್ದೆಲ್ಲ ಸಿಗುವುದಿತ್ತು. ಕೆಳಗೆ ಸೀರೆ, ಅದರ ಮೇಲೆ ಬಳೆ, ಅದರ ಮೇಲೆ ಬಂಗಾರ, ಇನ್ನೂ ಮೇಲೆ ಹೊಲಿಗೆಯವರು, ಅತ್ತರಿನವರು. ಅದನ್ನು ಕಟ್ಟುವ ಹೆಂಗಸರಿಗೆ ಮಾತ್ರ ಉಚ್ಚೆ ಹೊಯ್ಯಲು ಗೇಣು ಜಾಗ ಇರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಈ ಕಥೆ ಅದರದೇ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಲಿ, ಇಲ್ಲವೇ ಎದ್ದು ಹೋಗಲಿ.

ದಿಲ್ಲಿಯಲ್ಲಿ ಏಷ್ಯಾಡ್ ಆಟ ಮುಗಿದ ಮರುವರ್ಷ ಅದು. ಶ್ರೀಮಂತರ ಮನೆಗೆ ಬಣ್ಣದ ಟಿವಿ ಬಂದಿತ್ತು, ಪುಣೆಗೆ ಕೆಡವುವ ಹುಚ್ಚು ಬಂದಿತ್ತು. ಕಂಡ ಕಂಡ ಹಳೆಯ ತೊಟ್ಟಿಮನೆ ವಾಡೆ ಉರುಳಿಸುವುದು, ಅದರ ಮೇಲೆ ಐದಂತಸ್ತು ಎಬ್ಬಿಸುವುದು. ಪೇಪರಿನವರು ಇದಕ್ಕೆ ನಗರದ ಕಾಯಕಲ್ಪ ಎಂದು ಹೆಸರಿಟ್ಟರು. ಕಾಯಕಲ್ಪವಂತೆ! ಯಾರ ಕಾಯ ಸವೆಸಿ ಯಾರಿಗೆ ಕಲ್ಪ ಎಂದು ಬರೆಯಲು ಆ ಪುಣ್ಯಾತ್ಮರಿಗೆ ಜಾಗ ಸಾಲಲಿಲ್ಲ.

ಸವೆಸಿದ ಕಾಯಗಳಲ್ಲಿ ಒಂದು ಚಂದಮ್ಮನದು. ಜೇವರ್ಗಿ ಕಡೆಯವಳು. ಗಂಡ ಹಣಮಂತ್ರಾಯನ ಜೊತೆ ಬಂದು ಯೆರವಡಾ ಜೈಲಿನ ಹಿಂದುಗಡೆ ತಗಡಿನ ಗುಡಿಸಲು ಹಾಕಿಕೊಂಡಿದ್ದಳು. ಜೈಲಿನ ಕೈದಿಗಳಿಗಾದರೂ ಗೋಡೆಯೊಳಗೆ ಪಾಯಖಾನೆ ಇತ್ತು, ಗೋಡೆಯಾಚೆಯ ಇವರಿಗೆ ಬಯಲೇ ಗತಿ. ಮಸುಕು ಹರಿಯುವ ಮುಂಚೆ ಹೆಂಗಸರು ಬಯಲಿಗೆ ಹೋಗಿ ಬಂದು ಟ್ರಕ್ಕು ಹತ್ತುತ್ತಿದ್ದರು. ಮತ್ತೆ ಆ ಬಯಲು ಕಾಣುತ್ತಿದ್ದುದು ದೀಪ ಹಚ್ಚಿದ ಮೇಲೆ. ನಡುವಿನ ಹಗಲೆಲ್ಲ ತಡೆದುಕೊಳ್ಳಬೇಕು. ಗಂಡಸರ ಮಾತು ಬಿಡಿ. ಅವರಿಗೆ ಪುಣೆಯ ಪ್ರತಿ ಮೂಲೆಗೊಂದು ಮುತಾರಿ ಕಟ್ಟಿಸಿತ್ತು ಸರ್ಕಾರ. ಅದೂ ದೂರವಾಯಿತೆಂದರೆ ಊರ ಗೋಡೆಗಳೆಲ್ಲ ಅವರಪ್ಪನವೇ.

ಕೆಲಸ ಶುರುವಾದಾಗ ಹಳೆಯ ವಾಡೆಯ ಬಿದ್ದ ಗೋಡೆಯೊಂದು ಉಳಿದಿತ್ತು. ಅದರ ಹಿಂದೆ ಎಕ್ಕದ ಗಿಡ. ಇಬ್ಬಿಬ್ಬರು ಹೋಗುತ್ತಿದ್ದರು. ಒಬ್ಬಳು ಕೂತರೆ ಇನ್ನೊಬ್ಬಳು ಸೆರಗು ಅಡ್ಡ ಹಿಡಿಯುವಳು. ಆಮೇಲೆ ಶೇಠ ಅಲ್ಲಿ ಗಾಡಿ ನಿಲ್ಲಿಸಲು ನೆಲಮಾಳಿಗೆ ತೋಡಿಸಿದ. ಅದೇ ಹೆಂಗಸರೇ ಅದೇ ಜಾಗದ ಮಣ್ಣು ಹೊತ್ತು ಹಾಕಿದರು. ತಾವು ಕೂರುವ ಜಾಗವನ್ನು ತಾವೇ ಬುಟ್ಟಿ ಬುಟ್ಟಿಯಾಗಿ ಹೊತ್ತು ಹಾಕಿದ ಮಹಾತಾಯಿಯರು ಅವರು! ಹೊತ್ತ ಮೇಲೆ ತಿಳಿಯಿತು.

ಉಳಿದದ್ದು ಮುಠಾ ನದಿಯ ದಂಡೆ. ಹೋಗಿ ಬರಲು ಹೊತ್ತಾಗುತ್ತಿತ್ತು. ಹೊತ್ತಾದರೆ ಸೂಪರ್‌ವೈಜರ್ ಈರಬಸಪ್ಪ ಅರ್ಧ ಹಾಜರಿ ಕತ್ತರಿಸುತ್ತಿದ್ದ. ಅಕ್ಕಪಕ್ಕದ ವಾಡೆಗಳಲ್ಲಿ ಸಾಲು ಪಾಯಖಾನೆಗಳಿದ್ದವು. ಒಂದು ಸಲ ಅವ್ವಮ್ಮ ಕೇಳಲು ಹೋಗಿದ್ದಳು. ಅವ್ವಮ್ಮ ಈ ಗುಂಪಿನ ಹಿರಿಯಳು, ಹಲ್ಲು ಕಡಿಮೆ, ನಾಲಿಗೆ ಜಾಸ್ತಿ. ಅಲ್ಲಿಯ ಮನೆಯೊಡತಿ ಬಾಗಿಲು ಹಾಕಿಕೊಂಡಳು. ಅವ್ವಮ್ಮ ಬಂದು ಹೇಳಿದಳು:

"ಊರಾಗ ಗುಡಿ ಬಾಗಲಾ ಮುಚ್ತಿದ್ರು. ಇಲ್ಲಿ ಪಾಯಖಾನಿ ಬಾಗಲಾ ಮುಚ್ಚಲತ್ತಾರ. ನಮ್ಮ ಕಿಮ್ಮತ್ತು ಏರ್ಯಾದ ನೋಡ್ರೆವ್ವ."

ಹೀಗಾಗಿ ಚಂದಮ್ಮ ಹೊಸಬರಿಗೆಲ್ಲ ಒಂದು ವಿದ್ಯೆ ಕಲಿಸುತ್ತಿದ್ದಳು. ಅದಕ್ಕೆ ಶಾಲೆ ಬೇಡ. ಬೆಳಿಗ್ಗೆ ನೀರು ಮುಟ್ಟಬಾರದು. ರೊಟ್ಟಿ ತಿಂದ ಮೇಲೆ ಒಂದು ಗುಟುಕು, ಬಾಯಿ ಒದ್ದೆಯಾಗುವಷ್ಟು. ನೀರಡಿಕೆಯಾದರೆ ದವಡೆಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ಚೀಪಬೇಕು. ವೈಶಾಖದ ಬಿಸಿಲು, ತಲೆಯ ಮೇಲೆ ಕಬ್ಬಿಣದ ಬುಟ್ಟಿ, ಮೂಗಿನಲ್ಲಿ ಸಿಮೆಂಟು, ಬಾಯಲ್ಲಿ ಹುಣಸೆ ಬೀಜ. ಇವರು ಸಿಮೆಂಟಿಗೆ ಕೊಡಗಟ್ಟಲೆ ನೀರು ಕುಡಿಸುತ್ತಿದ್ದರು. ಸಿಮೆಂಟಿಗೆ ನೀರು ಕಡಿಮೆಯಾದರೆ ಎಂಜಿನಿಯರು ಕೂಗಾಡುತ್ತಿದ್ದ.

ಇಷ್ಟಾದರೂ ಚಂದಮ್ಮನಿಗೆ ಆ ಕಟ್ಟಡದಲ್ಲಿ ಒಂದು ಮರ್ಯಾದೆ ಇತ್ತು. ನಗಬೇಡಿ. ಕುಶಲ ಶೇಠನ ಹಿಂದಿನ ಕಟ್ಟಡವೊಂದರಲ್ಲಿ ಸ್ಲ್ಯಾಬು ಹಾಕುವಾಗ ಕೆಳಗಿನ ಆನಿಕೆ ಮುರಿದು ಎಲ್ಲ ಕುಸಿದಿತ್ತಂತೆ. ಮತ್ತೆ ಹಾಕುವಾಗ ಮೊದಲ ಬುಟ್ಟಿ ಹೊತ್ತವಳು ಚಂದಮ್ಮ, ಅದು ನಿಂತಿತು. ಆನಿಕೆಗೆ ಈ ಸಲ ಗಟ್ಟಿ ಕಟ್ಟಿಗೆ ಹಾಕಿದ್ದರಿಂದ ನಿಂತಿತು ಎಂದು ಎಂಜಿನಿಯರು ಎಷ್ಟು ಹೇಳಿದರೂ ಶೇಠ ಒಪ್ಪಲಿಲ್ಲ. ಈಕೆಯ ಕೈಗುಣ ಎಂದ. ಅಂದಿನಿಂದ ಪ್ರತಿ ಸ್ಲ್ಯಾಬಿನ ಮೊದಲ ಬುಟ್ಟಿ ಚಂದಮ್ಮನದೇ. ಶೇಠನ ಹೆಂಡತಿ ಇಂದೂಬಾಯಿ ಕಾರಿನಲ್ಲಿ ಬಂದು ಆಕೆಗೆ ಅರಿಶಿನ ಕುಂಕುಮ ಕೊಡುತ್ತಿದ್ದಳು. ಹಚ್ಚುತ್ತಿರಲಿಲ್ಲ, ಮೇಲಿನಿಂದ ಉದುರಿಸುತ್ತಿದ್ದಳು. ಹಣೆಗೆ ಬೀಳಬೇಕಾದ ಕುಂಕುಮ ಮೂಗಿನ ಮೇಲೆ ಬೀಳುತ್ತಿತ್ತು. ಕೈಗುಣ ಬೇಕು, ಕೈ ತಾಕಬಾರದು.

ಈ ಮರ್ಯಾದೆಯನ್ನು ಚಂದಮ್ಮ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳ ನೆಗೆಣ್ಣಿ ತಿಪ್ಪವ್ವ ಕೆಲಸಕ್ಕೆ ಸೇರಿದಳು. ಹಣಮಂತ್ರಾಯನ ತಮ್ಮ ಲಾಲಪ್ಪನ ಹೆಂಡತಿ. ಲಾಲಪ್ಪ ಖರಾಡಿ ಕಡೆ ಕಲ್ಲಿನ ಖಣಿಯಲ್ಲಿ ಕಾಲು ಮುರಿದುಕೊಂಡು ಗುಡಿಸಲಲ್ಲಿ ಬಿದ್ದಿದ್ದ. ಹಾಗಾಗಿ ಬಸುರಿ ಹೆಂಡತಿ ಬುಟ್ಟಿ ಹೊತ್ತಳು. ಬಸುರಿಯರಿಗೆ ತಡೆದುಕೊಳ್ಳುವ ವಿದ್ಯೆ ಹತ್ತುವುದಿಲ್ಲ. ಹೊಟ್ಟೆಯೊಳಗಿನ ಕೂಸು ಒದ್ದರೆ ಈರಬಸಪ್ಪನ ಹಾಜರಿಯ ನೆನಪು ಅದಕ್ಕಿರುತ್ತದೆಯೇ? ತಿಪ್ಪವ್ವ ಬುಟ್ಟಿ ಹೊತ್ತು ನಿಂತಲ್ಲೇ ಕಾಲು ಹೆಣೆದುಕೊಂಡು ಕಣ್ಣು ಮುಚ್ಚುತ್ತಿದ್ದಳು.

ಮೊದಲ ಅಂತಸ್ತಿನ ಅಂಗಡಿಗಳು ತಯಾರಾಗಿದ್ದವು. ಕೊಳ್ಳುವವರಿಗೆ ತೋರಿಸಲೆಂದು ಅಲ್ಲಿ ಎಲ್ಲವನ್ನೂ ಮೊದಲು ಮುಗಿಸಿದ್ದರು, ಪಾಯಖಾನೆ ಕೂಡ. ಗೋಡೆಗೆ ಬಿಳಿ ಫರಸಿ, ನೆಲಕ್ಕೆ ಬಿಳಿ ಫರಸಿ, ಕೂರಲು ಬಿಳಿ ಭಾಂಡೆ. ಮೆಟ್ಟಿಲ ಮೇಲೆ ಹೊತ್ತು ತಂದವರು ಇವರೇ. ಬಾಗಿಲಿಗೆ ಪೇಂಟರ್ ಬಂದು ಒಂದು ಚಿತ್ರ ಬರೆದ. ಹೆಂಗಸಿನ ಚಿತ್ರ. ತುರುಬು, ಹಣೆಗೆ ಕುಂಕುಮ, ಹೆಗಲ ಮೇಲೆ ಸೆರಗು. ಕೆಳಗೆ ಏನೋ ಅಕ್ಷರ.

ತಿಪ್ಪವ್ವ ಅದರ ಮುಂದೆ ನಿಂತುಬಿಟ್ಟಳು.

"ಯಕ್ಕಾ, ಇದ್ಯಾಕ ಬರದಾರ?"

"ಒಳಗ ಹೆಣ್ಮಕ್ಳು ಹೋಗ್ಬೇಕಂತ."

"ನಾವೂ ಹೆಣ್ಮಕ್ಳೇ ಅಲ್ಲ?"

ಚಂದಮ್ಮ ಚಿತ್ರ ನೋಡಿದಳು. ತುರುಬು ತನಗೂ ಇತ್ತು. ಕುಂಕುಮ ಇತ್ತು. ಸೆರಗು ಇತ್ತು. ಅಕ್ಷರ ಬಂದಿದ್ದರೆ ಅನುಮಾನ ಬರುತ್ತಿತ್ತೇನೋ. ಚಿತ್ರ ಅನುಮಾನಕ್ಕೆ ಎಡೆ ಕೊಡಲಿಲ್ಲ.

"ಹೌದಲ್ಲ! ಹೋಗಿ ಬಾ. ನಾ ಇಲ್ಲೇ ನಿಂತಿರ್ತೀನಿ."

ಚಿತ್ರದೊಳಗಿನ ಹೆಂಗಸು ಬೇರೆ ಜಾತಿಯವಳು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಇನ್ನೊಂದು ಸಂಗತಿಯೂ ಹೊಳೆಯಲಿಲ್ಲ. ಭಾಂಡೆ ಕೂರಿಸಿದ್ದರು, ಅದರ ಕೆಳಗಿನ ಪೈಪು ಇನ್ನೂ ಜೋಡಿಸಿರಲಿಲ್ಲ. ಜನ್ಮದಲ್ಲಿ ಅಂಥದರ ಮೇಲೆ ಕೂರದವಳಿಗೆ ಪೈಪಿನ ವಿಚಾರ ಏನು ಗೊತ್ತು?

ಸರಿಯಾಗಿ ಅದರ ಕೆಳಗೆ ಶೇಠನ ಆಫೀಸು. ನಡುವೆ ಮೇಜು. ಮೇಜಿನ ಮೇಲೆ ಸೌಭಾಗ್ಯ ಸಂಕುಲದ ಪುಟ್ಟ ಬೊಂಬೆ, ದಪ್ಪ ಕಾಗದದಲ್ಲಿ ಮಾಡಿದ್ದು. ಪುಟ್ಟ ಪುಟ್ಟ ಗಿಡ, ಪುಟ್ಟ ಪುಟ್ಟ ಕಾರು. ಸುತ್ತ ಅಂಗಡಿ ಕೊಳ್ಳಲು ಬಂದವರು ಕೂತು ಚಹಾ ಕುಡಿಯುತ್ತಿದ್ದರು. ಬೆಳಗಿನಿಂದ ತಡೆದದ್ದು ತಡೆಯಿಲ್ಲದೆ ಮೇಲಿನ ತೂತಿನಿಂದ ಇಳಿಯಿತು. ಬೊಂಬೆಯ ಮೇಲೆ ಬಿತ್ತು. ಒಬ್ಬನ ಚಹಾದಲ್ಲೂ ಬಿತ್ತೆಂದು ಆಮೇಲೆ ವಾಚ್‌ಮನ್ ಹೇಳಿದ. ಬಿದ್ದಿರಲಿ ಎಂದು ನನ್ನ ಆಸೆ.

ಶೇಠ ಮೆಟ್ಟಿಲು ಹತ್ತಿ ಬಂದ. ಹಿಂದೆ ಈರಬಸಪ್ಪ. ತಿಪ್ಪವ್ವ ಇನ್ನೂ ಸೀರೆ ಸರಿಪಡಿಸಿಕೊಳ್ಳುತ್ತಿದ್ದಳು. ಈರಬಸಪ್ಪ ಬಾಗಿಲು ತಳ್ಳಿ, ಅವಳ ತೋಳು ಹಿಡಿದು ಹೊರಗೆಳೆದ.

"ನಾಚ್ಕಿ ಐತೇನ ನಿಮಗ? ಕನ್ನಡದವ್ರ ಮರ್ಯಾದಿ ಮಣ್ಣಪಾಲು ಮಾಡಿದ್ರಲ್ಲ! ಶೇಠನ ಮುಂದ ನಾ ಹ್ಯಾಂಗ ತಲಿ ಎತ್ತಲಿ?"

ಈ ಈರಬಸಪ್ಪ ಧಾರವಾಡದವನು. ಗುಮಾಸ್ತನಾಗಿ ಬಂದು ಸೂಪರ್‌ವೈಜರ್ ಆದವನು. ನವೆಂಬರ್ ಬಂತೆಂದರೆ ಜರಿ ಶಲ್ಯ ಹೊದ್ದು, ವೇದಿಕೆ ಹತ್ತಿ, ಪುಣೆಯ ಕನ್ನಡಿಗರೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಗದ್ಗದನಾಗುವವನು. ತಾಯಿ ಒಂದೇ. ಪಾಯಖಾನೆ ಬೇರೆ.

"ಚಿತ್ರ ಬರದಾರಲ್ರಿ ಸಾಹೇಬ್ರ, ಹೆಣ್ಮಕ್ಳದ್ದು," ಎಂದಳು ಚಂದಮ್ಮ.

"ಅದು ಗಿರಾಕಿ ಹೆಣ್ಮಕ್ಳದ್ದು! ನಿಮ್ಮಂಥೋರದಲ್ಲ."

ಶೇಠ ಹೆಚ್ಚು ಮಾತಾಡಲಿಲ್ಲ. ಒರೆಸು ಎಂದ. ಚಿಂದಿ ತರಲು ಹೋದ ಚಂದಮ್ಮನನ್ನು ತಡೆದು, ಹೊಯ್ದವಳು ತನ್ನ ಸೆರಗಿನಿಂದಲೇ ಒರೆಸಲಿ ಎಂದ. ಕೆಳಗೆ, ಗಿರಾಕಿಗಳ ಮುಂದೆ. ತಿಪ್ಪವ್ವ ಮೊಣಕಾಲೂರಿದಳು. ಒಂದು ಕೈ ಹೊಟ್ಟೆಗೆ, ಒಂದು ಕೈಯಲ್ಲಿ ಸೆರಗು. ಕಾಗದದ ಕಟ್ಟಡ ಒರೆಸಿದಳು, ಕಾಗದದ ಗಿಡ ಒರೆಸಿದಳು, ಸಾಹೇಬರ ಬೂಟಿನ ಸುತ್ತಲ ನೆಲ ಒರೆಸಿದಳು. ಅವರು ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡರು, ಎದ್ದು ಆಚೆ ಹೋಗಲಿಲ್ಲ. ನೋಡುತ್ತ ಕೂತರು.

ಚಂದಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮೈಯೆಲ್ಲ ಹೊತ್ತಿ ಉರಿಯಿತು. ಬಾಯಿ ಬರಲಿಲ್ಲ. ಬಾಯಿ ಬಾರದ್ದಕ್ಕೆ ಇನ್ನಷ್ಟು ಉರಿಯಿತು.

ಮಧ್ಯಾಹ್ನ ಇಂದೂಬಾಯಿಯ ಕಾರು ಬಂತು. ಆಕೆ ಸ್ತ್ರೀಯರ ಏಳಿಗೆಯ ಯಾವುದೋ ಮಂಡಳದ ಅಧ್ಯಕ್ಷಿಣಿಯೂ ಆಗಿದ್ದಳು. ಕೈಯಲ್ಲಿ ತಂಬಿಗೆ, ತುಳಸಿ ಕುಡಿ. ತಂಬಿಗೆಯಲ್ಲಿ ಗೋಮೂತ್ರ. ಆಫೀಸಿಗೆ ಚಿಮುಕಿಸಿದಳು, ಮೆಟ್ಟಿಲಿಗೆ ಚಿಮುಕಿಸಿದಳು, ಭಾಂಡೆಗೆ ಚಿಮುಕಿಸಿದಳು. ಉಚ್ಚೆ ಹೊಯ್ಯಲೆಂದೇ ಕಟ್ಟಿದ ಜಾಗಕ್ಕೆ ಹೆಂಗಸೊಬ್ಬಳು ಉಚ್ಚೆ ಹೊಯ್ದಳೆಂದು ಆಕಳ ಉಚ್ಚೆ ಹಾಕಿ ಶುದ್ಧ ಮಾಡಿದರು. ಇದನ್ನು ಬರೆಯುವ ಕೈಗೇ ಹೇಸಿಗೆ ಬರುತ್ತದೆ.

ಅವ್ವಮ್ಮ ದೂರದಿಂದ ನೋಡಿ, "ಆಕಳದು ನಡೀತದಂತ, ನಮ್ದು ನಡ್ಯಂಗಿಲ್ಲಂತ. ಮುಂದಿನ ಜನ್ಮಕ್ಕ ಆಕಳಾಗೇ ಹುಟ್ಟೂಣು ಬಿಡ್ರಿ. ಶೇಠನೇ ಬಂದು ತಂಬಿಗಿ ಹಿಡೀತಾನ," ಎಂದಳು.

ಮಾರನೆಯ ವಾರ ಪೈಪು ಜೋಡಿಸಿದರು. ಬಾಗಿಲಿಗೆ ಚಿಲಕ ಬಡಿದು ಅಂಗೈಯಗಲದ ಕೀಲಿ ಜಡಿದರು. ಕೀಲಿಕೈ ಈರಬಸಪ್ಪನ ಅಂಗಿಯ ಕಿಸೆಯಲ್ಲಿ, ಪೆನ್ನಿನ ಪಕ್ಕದಲ್ಲಿ ಇರುತ್ತಿತ್ತು.

ತಿಪ್ಪವ್ವ ಅಂದಿನಿಂದ ನೀರು ಬಿಟ್ಟಳು. ಕೆಲಸದಲ್ಲಿ ಬಿಟ್ಟಳು ಸರಿ, ಗುಡಿಸಲಲ್ಲೂ ಬಿಟ್ಟಳು. ನೀರು ನೋಡಿದರೆ ಅವಳಿಗೆ ಆ ಬೂಟುಗಳು ಕಾಣುತ್ತಿದ್ದವು. ಕೆಲವು ದಿನಕ್ಕೆ ಕಿಬ್ಬೊಟ್ಟೆ ಹಿಡಿಯಿತು. ಚಳಿ ಜ್ವರ ಬಂತು. ಹನಿ ಹನಿಯಾಗಿ ಹೋಗುವುದರಲ್ಲಿ ರಕ್ತ ಬಂತು. ಚಂದಮ್ಮ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿಯ ನರ್ಸು ಗುಳಿಗೆ ಕೊಟ್ಟು ಬೈದಳು. ನೀರು ಕುಡಿಸಿ, ತಡೆದು ಇಟ್ಟುಕೊಳ್ಳಬೇಡಿ, ಇನ್ನೊಂದು ಸಲ ಹೀಗೆ ಜ್ವರ ಬಂದರೆ ಕೂಸು ಉಳಿಯುವುದಿಲ್ಲ, ತಾಯಿಯ ಮಾತೂ ಹೇಳಲಾರೆ ಎಂದಳು.

ಚಂದಮ್ಮ ಈರಬಸಪ್ಪನ ಮುಂದೆ ನಿಂತಳು.

"ಸಾಹೇಬ್ರ, ಬ್ಯಾರೆ ಯಾರಿಗೂ ಬ್ಯಾಡ್ರಿ. ತಿಪ್ಪವ್ವ ಒಬ್ಬಾಕಿಗೇ ಕೀಲಿಕೈ ಕೊಡ್ರಿ. ಹೋಗಿ ಬಂದು ನಾನೇ ತಿಕ್ಕಿ ತೊಳೀತೀನಿ. ಎರಡು ಜೀವದಾಕಿ ಅದಾಳ್ರಿ."

"ಅಯ್ಯ, ನನಗ ಕರುಣಾ ಇಲ್ಲಂತ ತಿಳ್ದಿಯೇನು? ನಮ್ಮ ಭಾಷಾದವ್ರು ಅಂತ ನಿಮ್ಮನ್ನ ಇಟಗೊಂಡಿದ್ದೇ ನಾನು. ಆದ್ರ ಶೇಠನ ಹುಕುಮು. ನನ್ನ ಕೈಯಾಗ ಏನೈತಿ?"

ಅವನ ಕೈಯಲ್ಲಿ ಏನೂ ಇರಲಿಲ್ಲ. ಕಿಸೆಯಲ್ಲಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಸಂಬಳವೂ ನಿಲ್ಲಬಾರದು ಎನ್ನುವ ಜನ.

"ಹಂಗಾರ ಆಕಿ ನಾಕ್ ದಿನ ಮನ್ಯಾಗ ಇರ್ಲೇನ್ರಿ?"

"ಶುಕ್ರವಾರ ಮ್ಯಾಲಿನ ಸ್ಲ್ಯಾಬ್ ಐತಿ. ಸ್ಲ್ಯಾಬಿಗೆ ತಪ್ಪಿಸಿದವ್ರು ಮತ್ತ ಟ್ರಕ್ ಹತ್ತೂ ಹಂಗಿಲ್ಲ. ಒಬ್ಬರು ತಪ್ಪಿಸಿದ್ರ ಇಡೀ ಮನಿತನಾನ ಇಳಸ್ತೀನಿ. ಹೇಳೇನಿ ನೋಡು."

ಅದೇ ಕಟ್ಟಡದಲ್ಲಿ ಮಿಕ್ಸರ್ ತಿರುಗಿಸುತ್ತಿದ್ದ ಗಂಡ ಹಣಮಂತ್ರಾಯನಿಗೆ ಹೇಳಿದಳು. ಅವನು ಬೀಡಿ ಹಚ್ಚಿ, "ಹೊಂದ್ಕೊಂಡು ಹೋಗ್ಬೇಕು. ಪರದೇಶ ಇದು," ಎಂದ. ಹೇಳಿ ಎದ್ದು ಹೋಗಿ ಎದುರಿನ ಗೋಡೆಗೆ ಮುಖ ಮಾಡಿ ನಿಂತ. ಚಂದಮ್ಮ ಅವನ ಬೆನ್ನನ್ನೇ ನೋಡಿದಳು. ಹೊಂದಿಕೊಳ್ಳುವುದು ಎಷ್ಟು ಸಲೀಸು ಈ ಗಂಡಸರಿಗೆ!

ಸ್ಲ್ಯಾಬಿನ ದಿನವೆಂದರೆ ಏನು ಎಂದು ಒಂದು ಮಾತು ಹೇಳಬೇಕು. ಕಬ್ಬಿಣ ಕಟ್ಟಿ ಸಿದ್ಧವಾದ ಮೇಲೆ ಮಿಕ್ಸರಿನಿಂದ ಸಿಮೆಂಟು, ಉಸುಕು, ಜಲ್ಲಿ ಕಲಸಿದ ಮಾಲು ಸುರಿಯುತ್ತದೆ. ಹೆಂಗಸರು ಸಾಲಾಗಿ ಬಿದಿರಿನ ಇಳಿಜಾರು ಹತ್ತಿ ಅದನ್ನು ಮೇಲೆ ಮುಟ್ಟಿಸಬೇಕು. ಒಮ್ಮೆ ಶುರುವಾದರೆ ಒಂದಂಚಿನಿಂದ ಇನ್ನೊಂದಂಚಿನವರೆಗೆ ನಿಲ್ಲಿಸುವ ಹಾಗಿಲ್ಲ. ನಡುವೆ ನಿಂತರೆ ಹಾಕಿದ್ದು ಗಟ್ಟಿಯಾಗುತ್ತದೆ, ಹೊಸದು ಹಳೆಯದಕ್ಕೆ ಕೂಡುವುದಿಲ್ಲ, ಸಂದು ಬಿಡುತ್ತದೆ, ಮಳೆ ಬಂದರೆ ಸೋರುತ್ತದೆ. ಇದು ಮಿಕ್ಸರ್ ಹತ್ತಿರ ಬೀಡಿ ಸೇದುವವನಿಗೂ ಗೊತ್ತು. ಹೆಂಗಸರು ಹೆತ್ತರೂ ಸರಿ, ಸತ್ತರೂ ಸರಿ, ಸ್ಲ್ಯಾಬು ನಿಲ್ಲಬಾರದು ಎಂದು ಈರಬಸಪ್ಪ ಪ್ರತಿ ಸಲ ಕೂಗಿ ಹೇಳುತ್ತಿದ್ದ.

ಶುಕ್ರವಾರ ಟ್ರಕ್ಕಿನಲ್ಲಿ ಚಂದಮ್ಮ ಹೆಂಗಸರಿಗೆ ಹೇಳಿದಳು. ಗಟ್ಟಿಯಾಗಿ ಹೇಳಲಿಲ್ಲ, ಮೆತ್ತಗೆ ಹೇಳಿದಳು. ಅವ್ವಮ್ಮ ಬಾಯೊಳಗಿನ ಹುಣಸೆ ಬೀಜ ತೆಗೆದು ರಸ್ತೆಗೆ ಉಗುಳಿದಳು. ಒಬ್ಬೊಬ್ಬರೇ ಉಗುಳಿದರು. ತಿಪ್ಪವ್ವ ಮಾತ್ರ ಚಂದಮ್ಮನ ತೋಳಿಗೆ ತಲೆ ಆನಿಸಿದಳು. ಮೈ ಬೆಚ್ಚಗಿತ್ತು.

ಕಟ್ಟಡದ ಮುಂದೆ ಶಾಮಿಯಾನ ಹಾಕಿತ್ತು. ಕಡೆಯ ಸ್ಲ್ಯಾಬು, ದೊಡ್ಡ ಜನ ಬಂದಿದ್ದರು. ಅಂಗಡಿ ಕೊಂಡವರು, ಆ ವಾರ್ಡಿನ ನಗರಸೇವಕ, ಕ್ಯಾಮೆರಾದವನು. ಹಳೆಯ ಪುಣೆಗೆ ಹೊಸ ಜೀವ ಬಂತು ಎಂದು ನಗರಸೇವಕ ಮೈಕಿನಲ್ಲಿ ಮರಾಠಿಯಲ್ಲಿ ಅಬ್ಬರಿಸಿದ. ಅವನ ಹಿಂದೆ ಹೊಸ ಜೀವ ಹೊರುವವರು ಖಾಲಿ ಬುಟ್ಟಿ ಹಿಡಿದು ನಿಂತಿದ್ದರು. ಇಂದೂಬಾಯಿ ಕುಂಕುಮ ಉದುರಿಸಿದಳು. ಕಾಯಿ ಒಡೆದರು. ಚಂದಮ್ಮ ತಲೆಯ ಮೇಲೆ ಸಿಂಬೆ ಇಟ್ಟು ಮೊದಲ ಬುಟ್ಟಿ ಎತ್ತಿದಳು. ಶೇಠ ಕಣ್ಣು ಮುಚ್ಚಿ ಕೈ ಮುಗಿದ. ಅವಳಿಗಲ್ಲ, ಬುಟ್ಟಿಗೆ.

ಅವಳು ಬೇಕೆಂದೇ ಎತ್ತಿದಳು. ಶುರುವಾಗದ ಸ್ಲ್ಯಾಬಿಗೆ ಯಾವ ಬೆಲೆಯೂ ಇಲ್ಲ. ಶುರುವಾಗಲಿ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅರ್ಧ ಸ್ಲ್ಯಾಬು ಬಿದ್ದಿತ್ತು. ಮೇಲೆ ಗೌಂಡಿಗಳು ಹಲಗೆ ಎಳೆಯುತ್ತ ಮಾಲು, ಮಾಲು ಎಂದು ಕೂಗುತ್ತಿದ್ದರು. ಇಳಿಜಾರಿನ ನಡುವೆ ತಿಪ್ಪವ್ವ ನಿಂತಳು. ಕಾಲು ಹೆಣೆದುಕೊಂಡಳು. ಅವಳ ತಲೆಯ ಮೇಲಿನ ಬುಟ್ಟಿಯನ್ನು ಚಂದಮ್ಮ ಇಳಿಸಿಕೊಂಡಳು, ಕೈಹಿಡಿದು ಕೆಳಗೆ ಕರೆತಂದಳು. ಮಿಕ್ಸರಿನ ಪಕ್ಕ ಪೀಪಾಯಿಯಲ್ಲಿ ಸಿಮೆಂಟಿಗೆಂದು ನೀರು ತುಂಬಿಟ್ಟಿದ್ದರು. ಚಂದಮ್ಮ ತಂಬಿಗೆ ಮುಳುಗಿಸಿ ತಿಪ್ಪವ್ವನ ಕೈಗೆ ಕೊಟ್ಟಳು.

"ಕುಡಿ."

"ಯಕ್ಕಾ, ಬ್ಯಾಡ…"

"ಕುಡಿ ಅಂದೆ. ತಂಬಿಗಿ ಖಾಲಿ ಆಗ್ಬೇಕು."

ತಿಪ್ಪವ್ವ ಕುಡಿದಳು. ನೀರು ಗದ್ದದಿಂದ ಇಳಿದು ರವಿಕೆ ತೊಯ್ಯಿತು. ಚಂದಮ್ಮ ಕುಡಿದಳು. ಅವ್ವಮ್ಮ ಕುಡಿದಳು. ಇಳಿಜಾರಿನ ಮೇಲಿದ್ದವರೆಲ್ಲ ಇಳಿದು ಬಂದು, ಬುಟ್ಟಿ ಬೋರಲು ಹಾಕಿ, ಸಾಲಾಗಿ ಕುಡಿದರು. ಗಟಗಟ ಕುಡಿದರು. ಇಷ್ಟು ದಿನದ ನೀರಡಿಕೆ ಅದು. ಕುಡಿದು ಬೋರಲು ಹಾಕಿದ ಬುಟ್ಟಿಗಳ ಮೇಲೆ ಕೂತರು.

ಮೇಲೆ ಗೌಂಡಿಗಳು ಕೂಗಿದರು. ಮಾಲು ಬರಲಿಲ್ಲ.

ಈರಬಸಪ್ಪ ಓಡಿ ಬಂದ. "ಏ, ಏಳ್ರಿ! ಏನ್ ನಡಸೀರಿ ಇದು? ಸ್ಲ್ಯಾಬ್ ನಿಂತ್ರ ಏನಾಗ್ತೈತಿ ಗೊತ್ತೈತಿಲ್ಲ?"

"ಗೊತ್ತದ ರೀ," ಎಂದಳು ಚಂದಮ್ಮ. "ನೀರು ಕುಡ್ದೀವಿ. ಇನ್ನ ಒಳಗ ಹೋದದ್ದು ಹೊರಗ ಬರ್ತದ. ಎಲ್ಲಿ ಹೋಗೂಣು, ನೀವೇ ಹೇಳ್ರಿ."

"ಸಂಜಿಗೆ ಜಿಲೇಬಿ ತರಸೇನಿ…"

"ಜಿಲೇಬಿ ನೀವೇ ತಿನ್ರಿ. ಕೀಲಿಕೈ ಕೊಡ್ರಿ."

ಶೇಠ ಬಂದ. ಹಿಂದೆ ಅತಿಥಿಗಳು, ಕ್ಯಾಮೆರಾದವನು. ಕ್ಯಾ ತಮಾಶಾ ಹೈ ಎಂದು ಶೇಠ ಹಣಮಂತ್ರಾಯನನ್ನು ಹಿಡಿದುಕೊಂಡ, ನಿನ್ನ ಹೆಂಡತಿಯನ್ನು ಎಬ್ಬಿಸು ಎಂದ. ಹಣಮಂತ್ರಾಯ ಮಿಕ್ಸರಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದ. ಹೆಂಡತಿಯನ್ನು ನೋಡಿದ, ತಮ್ಮನ ಹೆಂಡತಿಯನ್ನು ನೋಡಿದ. ಹೊಂದಿಕೊಂಡು ಹೋಗುವ ಮಾತು ಅವನ ಬಾಯಿಗೂ ಬರಲಿಲ್ಲ.

"ನನಗ್ಯಾಕ ಕೇಳ್ತೀರಿ ಶೇಠ, ಆಕೀನ್ನೇ ಕೇಳ್ರಿ," ಎಂದ. ಅವನಿಂದ ಅಷ್ಟಾಯಿತಲ್ಲ, ಸಾಕು.

ಶೇಠ ಈರಬಸಪ್ಪನಿಗೆ, ವಾಚ್‌ಮನ್ನಿಗೆ, ಬಡಗಿಗಳಿಗೆ ಬುಟ್ಟಿ ಹೊರಲು ಹೇಳಿದ. ಆಹಾ, ಅದನ್ನು ನೋಡಬೇಕಿತ್ತು! ಈರಬಸಪ್ಪ ಸಿಂಬೆಯಿಲ್ಲದ ತಲೆಯ ಮೇಲೆ ಬುಟ್ಟಿ ಇಟ್ಟ. ಮಾಲಿನ ನೀರು ಟೆರಿಲಿನ್ ಅಂಗಿಯೊಳಗೆ ಇಳಿಯಿತು. ಇಳಿಜಾರಿನಲ್ಲಿ ಹತ್ತು ಹೆಜ್ಜೆ ಹತ್ತುವಷ್ಟರಲ್ಲಿ ಕುತ್ತಿಗೆ ವಾಲಿತು, ಬುಟ್ಟಿ ಜಾರಿತು, ಅದರ ಹಿಂದೆ ಅವನೂ ಜಾರಿದ. ಎದ್ದಾಗ ತಲೆಯಿಂದ ಕಾಲಿನವರೆಗೆ ಸಿಮೆಂಟು. ಬಡಗಿಗಳು ಎರಡು ಸಲ ಹೊತ್ತು ಸೊಂಟ ಹಿಡಿದುಕೊಂಡರು.

"ನಿಲ್ಲಬಾರ್ದ್ರಿ ಸಾಹೇಬ್ರ," ಎಂದಳು ಅವ್ವಮ್ಮ. "ಹೆತ್ರೂ ಸರಿ, ಸತ್ರೂ ಸರಿ."

ಪೊಲೀಸರನ್ನು ಕರೆಯುತ್ತೇನೆ ಎಂದ ಶೇಠ. ಕರೆಯಿರಿ, ಅವರು ಬರುವವರೆಗೆ ಮಾಲು ಕಲ್ಲಾಗುತ್ತದೆ ಎಂದು ಅವನ ಎಂಜಿನಿಯರೇ ಕಿವಿಯಲ್ಲಿ ಹೇಳಿದ. ಆಗ ಶೇಠನ ದನಿ ಇಳಿಯಿತು. ಈ ಬಸುರಿ ಒಬ್ಬಳು ಹೋಗಿ ಬರಲಿ, ಇವತ್ತು ಒಂದು ದಿನ ಎಂದ. ಮೊನ್ನೆ ಚಂದಮ್ಮ ಕೈ ಮುಗಿದು ಕೇಳಿದ್ದು ಅಷ್ಟೇ. ಮೊನ್ನೆ ಕೊಟ್ಟಿದ್ದರೆ ಅವನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು.

ಚಂದಮ್ಮ ಎದ್ದು ನಿಂತಳು. ಶೇಠನಿಗೆ ತಿಳಿಯಲೆಂದು ಮರಾಠಿಯಲ್ಲಿ ಒಮ್ಮೆ, ತನ್ನವರಿಗೆ ತಿಳಿಯಲೆಂದು ಕನ್ನಡದಲ್ಲಿ ಒಮ್ಮೆ ಹೇಳಿದಳು.

"ಎಲ್ಲಾರೂ ಹೋಗ್ತೀವಿ. ಇಲ್ಲಂದ್ರ ಹಿಂಗೇ ಮ್ಯಾಲ ಏರಿ ಹೋಗ್ತೀವಿ, ನಿಮ್ಮ ಸ್ಲ್ಯಾಬಿನ ಮ್ಯಾಲೇ ಕೂಡ್ತೀವಿ. ಹಸಿ ಅದ, ಛಲೋ ಕೂಡ್ತದ. ಆಮ್ಯಾಲ ಇಂದೂಬಾಯಾರು ಎಷ್ಟು ಆಕಳ ತರ್ತಾರ ತರ್ಲಿ."

ಅತಿಥಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕ್ಯಾಮೆರಾದವನು ಕ್ಯಾಮೆರಾ ಎತ್ತಿದ. ಇಂದೂಬಾಯಿ ಮುಖ ತಿರುಗಿಸಿದಳು. ಆಕೆ ಅಂದು ಬೆಳಿಗ್ಗೆ ಈರಬಸಪ್ಪನಿಂದ ಕೀಲಿಕೈ ಇಸಿದುಕೊಂಡು ಅಲ್ಲಿಗೇ ಹೋಗಿ ಬಂದದ್ದನ್ನು ಎಲ್ಲ ಹೆಂಗಸರೂ ನೋಡಿದ್ದರು.

ಶೇಠ ಈರಬಸಪ್ಪನ ಕಡೆ ಕೈ ಬೀಸಿದ. ಈರಬಸಪ್ಪ ಸಿಮೆಂಟು ಮೆತ್ತಿದ ಕಿಸೆಯಲ್ಲಿ ಬೆರಳು ಹಾಕಿ ಕೀಲಿಕೈ ತೆಗೆದು ನೆಲಕ್ಕೆ ಎಸೆದ. ಚಂದಮ್ಮ ಬಗ್ಗಲಿಲ್ಲ.

"ಕೈಯಾಗ ಕೊಡ್ರಿ."

ಅವನು ಬಗ್ಗಿ ಎತ್ತಿ ಕೊಟ್ಟ. ಅವಳ ಅಂಗೈಗೆ ಅವನ ಬೆರಳು ತಾಕಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮೊದಲು ತಿಪ್ಪವ್ವ ಹೋದಳು. ಆಮೇಲೆ ಅವ್ವಮ್ಮ. ಒಬ್ಬೊಬ್ಬರೇ ಹೋದರು, ಯಾರೂ ಅವಸರ ಮಾಡಲಿಲ್ಲ. ಮೆಟ್ಟಿಲ ಮೇಲೆ ಸಾಲಿನಲ್ಲಿ ನಿಂತು, ತಲೆ ಬಾಚಿಕೊಂಡು, ಸುದ್ದಿ ಮಾತಾಡಿಕೊಂಡು ನಿಂತರು. ಕಡೆಗೆ ಚಂದಮ್ಮ ಹೋದಳು. ಒಳಗೆ ತಂಪಾಗಿತ್ತು. ಕೂತಳು, ಬರಲಿಲ್ಲ. ವರ್ಷಗಟ್ಟಲೆ ಹಗಲು ತಡೆದ ಮೈ, ಬಿಡು ಎಂದರೂ ಬಿಡಲಿಲ್ಲ. ಗೋಡೆಗೆ ಹಣೆ ಹಚ್ಚಿದಳು. ತಿಪ್ಪವ್ವ ಬೂಟುಗಳ ನಡುವೆ ಒರೆಸಿದ್ದು ಕಣ್ಣ ಮುಂದೆ ಬಂತು. ಅಂದು ಬಾರದ ಅಳು ಈಗ ಬಂತು. ಅಳುವಿನ ಜೊತೆ ಎಲ್ಲವೂ ಬಂತು.

ಹೊರಗಿನಿಂದ ಈರಬಸಪ್ಪ ಬಾಗಿಲು ಬಡಿದ. "ಚಂದಮ್ಮಾ, ಲಗೂ ಮಾಡವ್ವ! ಮ್ಯಾಲ ಒಣಗಾಕತ್ತೈತಿ!"

ಅವ್ವ ಎಂದನಲ್ಲ! ಚಂದಮ್ಮ ಕಣ್ಣೊರೆಸಿಕೊಂಡಳು. ಸರಪಳಿ ಜಗ್ಗಿದಳು. ನೀರು ಧೋ ಎಂದು ಸುರಿಯಿತು. ತೊಟ್ಟಿ ಮತ್ತೆ ತುಂಬುವವರೆಗೂ ಕಾದು ನಿಂತು, ಇನ್ನೊಮ್ಮೆ ಜಗ್ಗಿದಳು. ಒಣಗಲಿ.

ಹೊರಬಂದಾಗ ಅವಳ ಕೈಯಲ್ಲಿ ಕೀಲಿಯೂ ಇತ್ತು, ಕೀಲಿಕೈಯೂ ಇತ್ತು. ಈರಬಸಪ್ಪ ಕೈ ಚಾಚಿದ. ಅವಳು ಅವನ ಪಕ್ಕದಿಂದ ಇಳಿದು ಹೋದಳು. ಮಿಕ್ಸರಿನ ಮುಂದೆ ತನ್ನ ಬುಟ್ಟಿ ಅಂಗಾತ ಇಟ್ಟಳು. ಅದರೊಳಗೆ ಕೀಲಿ ಹಾಕಿದಳು, ಕೀಲಿಕೈ ಹಾಕಿದಳು. ಗಂಡನ ಮುಖ ನೋಡಿದಳು.

"ಮಾಲ್ ಹಾಕು."

ಹಣಮಂತ್ರಾಯ ಹಿಡಿಕೆ ತಿರುಗಿಸಿದ. ಬುಟ್ಟಿ ತುಂಬಿತು. ಈರಬಸಪ್ಪ ಬಾಯಿ ತೆರೆದ. ಹುಡುಕಿ ತೆಗೆಯುತ್ತ ಕೂತರೆ ಇನ್ನಷ್ಟು ಹೊತ್ತು ಎಂದು ಲೆಕ್ಕ ಹಾಕಿ ಮುಚ್ಚಿಕೊಂಡ. ಕೈಗುಣದ ಚಂದಮ್ಮ ಬುಟ್ಟಿ ಹೊತ್ತು ಇಳಿಜಾರು ಹತ್ತಿದಳು, ಕಬ್ಬಿಣದ ಸರಳುಗಳ ನಡುವೆ ಮಗುಚಿದಳು. ಗೌಂಡಿ ಹಲಗೆ ಎಳೆದ. ಮೇಲೆ ಮತ್ತೆ ಮಾಲು ಬಿತ್ತು. ದೀಪ ಹಚ್ಚುವ ಹೊತ್ತಿಗೆ ಸ್ಲ್ಯಾಬು ಮುಗಿಯಿತು. ಬಾಗಿಲು ಸಂಜೆಯವರೆಗೂ ತೆರೆದೇ ಇತ್ತು.

ಮರುದಿನ ಯೆರವಡಾಕ್ಕೆ ಟ್ರಕ್ಕು ಬರಲಿಲ್ಲ. ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಕೆಲವು ದಿನ ಒಲೆ ಸರಿಯಾಗಿ ಉರಿಯಲಿಲ್ಲ. ಆಮೇಲೆ ಧನಕವಡಿ ಕಡೆ ಹೊಸ ಮನೆಗಳ ಕೆಲಸ ಸಿಕ್ಕಿತು. ಅಲ್ಲಿಯ ಮುಕಾದಮ ಬುಟ್ಟಿ ಕೊಡಲು ಬಂದಾಗ ಚಂದಮ್ಮ ಕೈ ಹಿಂದೆ ಕಟ್ಟಿ ನಿಂತು, ಮೊದಲು ಪಾಯಖಾನಿ ಎಲ್ಲದ ತೋರ್ಸು ಎಂದಳು. ಅವನು ಬೈದ. ಹೆಂಗಸರು ಬುಟ್ಟಿ ಮುಟ್ಟಲಿಲ್ಲ. ಸಂಜೆಯೊಳಗೆ ನಾಲ್ಕು ತಗಡು ನಿಲ್ಲಿಸಿ, ಗುಂಡಿ ತೋಡಿ ಕೊಟ್ಟ. ಭಾದ್ರಪದದಲ್ಲಿ ತಿಪ್ಪವ್ವ ಹೆತ್ತಳು. ಹೆಣ್ಣು ಕೂಸು. ತೊಡೆಯ ಮೇಲೆ ಮಲಗಿಸಿಕೊಂಡವರನ್ನೆಲ್ಲ ತೋಯಿಸುತ್ತಿತ್ತು. ತೋಯಿಸಿದಾಗಲೆಲ್ಲ ಅವ್ವಮ್ಮ ಅದಕ್ಕೆ ಮುತ್ತು ಕೊಡುತ್ತಿದ್ದಳು.

ಸೌಭಾಗ್ಯ ಸಂಕುಲದ ಉದ್ಘಾಟನೆ ಭರ್ಜರಿಯಾಗಿ ಆಯಿತಂತೆ. ಆ ಬಾಗಿಲಿಗೆ ಶೇಠ ಹೊಸ ಕೀಲಿ ಹಾಕಿಸಿದನಂತೆ. ಹಾಕಿಸಲಿ. ಹಳೆಯದು ಅವನ ನೆತ್ತಿಯ ಮೇಲಿದೆ.